ಎದುರಾಳಿ ಕೋಚ್‌ಗಳು ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡದ ಹುಳುಕು ಹಿಡಿಯುವುದು ಹೇಗೆ?

ಬ್ಯಾಂಕ್‌ಶಾಟ್
ಸೀಸನ್ ಶುರುವಾಗುವ ಮೊದಲು ಅಮೆರಿಕದ ಪತ್ರಿಕೆಗಳು ಎದುರಾಳಿ ಕೋಚ್‌ಗಳನ್ನು ಹೆಸರು ಹಾಕದೆ ಮಾತಾಡಿಸುತ್ತವಲ್ಲ, ಅದನ್ನು ನಾನು ತಪ್ಪದೆ ಓದುತ್ತೇನೆ. ಬಾಲ್ ಸಾಗಿಸುವ ಗಾರ್ಡ್‌ಗಳು ಚುರುಕು, ಆದರೆ ಒಳಗೆ, ಬಾಸ್ಕೆಟ್ ಹತ್ತಿರ, ಎತ್ತರ ಸಾಲದು ಅಂತ ಒಬ್ಬರು. ಪ್ರೆಸ್ ಹಾಕಿದರೆ (ಅಂಗಳ ಪೂರ್ತಿ ಬೆನ್ನತ್ತಿ ಒತ್ತಿದರೆ) ಬಾಲ್ ಕಳೆದುಕೊಳ್ಳುತ್ತಾರೆ ಅಂತ ಇನ್ನೊಬ್ಬರು. ಯಾವ ತಂಡದ ಬಗ್ಗೆ ಓದಿದರೂ ಹೆಚ್ಚುಕಡಿಮೆ ಇದೇ ಮಾತು.

ನನ್ನ ಪ್ರಶ್ನೆ ಎರಡು. ಒಂದು ತಂಡ ಎಲ್ಲಿ ಬಲಹೀನ ಅಂತ ಈ ಕೋಚ್‌ಗಳು ನಿಜವಾಗಿ ಕಂಡುಹಿಡಿಯುವುದು ಹೇಗೆ? ಎಲ್ಲರಿಗೂ ಗೊತ್ತಿದ್ದ ಮೇಲೂ ಆ ತಂಡ ಸೀಸನ್ ಪೂರ್ತಿ ಗೆಲ್ಲುತ್ತಾ ಹೋಗುವುದು ಹೇಗೆ? ಬಿಗ್ ಟೆನ್ ಅನ್ನುವ ದೊಡ್ಡ ಕಾನ್ಫರೆನ್ಸ್‌ನಲ್ಲಿ (ಕಾಲೇಜು ತಂಡಗಳ ಗುಂಪಿನಲ್ಲಿ) ಆಡುವ ಪರ್ಡ್ಯೂವನ್ನೇ ತಗೊಳ್ಳಿ. 2021ರಲ್ಲಿ ನಾರ್ತ್ ಟೆಕ್ಸಾಸ್, 2022ರಲ್ಲಿ ಸೇಂಟ್ ಪೀಟರ್ಸ್, 2023ರಲ್ಲಿ ಫೇರ್ಲಿ ಡಿಕಿನ್ಸನ್. ಸೀಸನ್ ಕೊನೆಗೆ ಮಾರ್ಚ್‌ನಲ್ಲಿ ಶುರುವಾಗುವ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ) ಟೂರ್ನಿಯಲ್ಲಿ 13, 15, 16ನೇ ಸೀಡ್ ತಂಡಗಳಿಗೆ ಸಾಲಾಗಿ ಮೂರು ವರ್ಷ ಸೋತರು; ಸೀಡ್ ಅಂದರೆ ಶ್ರೇಯಾಂಕ, 1 ಅತಿ ಗಟ್ಟಿ, 16 ಅತಿ ಬಲಹೀನ. ಬಿಗ್ ಟೆನ್‌ನ ಕೋಚ್‌ಗಳಿಗೆ ಕಾಣದ್ದು ಆ ಸಣ್ಣ ತಂಡಗಳಿಗೆ ಏನು ಕಂಡಿತು?

ಲೆಕ್ಕದಮೇಷ್ಟ್ರು
ಮೊದಲು ನಂಬರ್, ಆಮೇಲೆ ಫಿಲ್ಮ್. ಮ್ಯಾಚಿಗೆ ಎಷ್ಟು ಅಂಕ ಅನ್ನೋ ಲೆಕ್ಕವನ್ನು ಯಾವ ಕೋಚೂ ಈಗ ನಂಬುವುದಿಲ್ಲ. ನಿಧಾನವಾಗಿ ಆಡುವ ತಂಡಕ್ಕೆ ಪೊಸೆಶನ್ನೇ (ಬಾಲ್ ಕೈಗೆ ಬರುವ ಸರದಿ) ಕಮ್ಮಿ, ಅಂಕ ಬಿಟ್ಟುಕೊಡುವುದೂ ಕಮ್ಮಿ. ಅದರ ಡಿಫೆನ್ಸ್ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಅದಕ್ಕೇ ಅಂಕಿಅಂಶ ತಜ್ಞ ಕೆನ್ ಪೊಮೆರಾಯ್ ಪಟ್ಟಿಯಲ್ಲಿ ಎಲ್ಲವನ್ನೂ 100 ಪೊಸೆಶನ್‌ಗೆ ಇಳಿಸಿ ನೋಡುವುದು, ಎದುರಾಳಿ ಎಷ್ಟು ಗಟ್ಟಿ ಅನ್ನುವುದನ್ನೂ ಸೇರಿಸಿ.

ಅಲ್ಲಿಂದ ಇನ್ನೊಬ್ಬ ಅಂಕಿಅಂಶ ತಜ್ಞ ಡೀನ್ ಆಲಿವರ್ ಹೇಳಿದ ನಾಲ್ಕು ವಿಷಯಕ್ಕೆ ಬರುತ್ತಾರೆ: ಶೂಟಿಂಗ್, ಟರ್ನೋವರ್ (ಶಾಟ್ ಹೊಡೆಯದೆ ಬಾಲ್ ಕಳೆದುಕೊಳ್ಳುವುದು), ಆಫೆನ್ಸಿವ್ ರಿಬೌಂಡ್ (ತಮ್ಮದೇ ಮಿಸ್ ಆದ ಶಾಟ್ ಮತ್ತೆ ಹಿಡಿಯುವುದು), ಫ್ರೀ ಥ್ರೋ ಲೈನಿಗೆ ಎಷ್ಟು ಸಲ ಹೋಗುತ್ತಾರೆ ಅನ್ನೋದು. ಎರಡೂ ಕಡೆಗೆ ನೋಡಿದರೆ ಎಂಟು ನಂಬರ್. ಅದರಲ್ಲಿ ಯಾವುದು ಕೆಂಪಾಗಿದೆಯೋ ಫಿಲ್ಮ್ ಅಲ್ಲಿಂದ ಶುರು.

ಹಳೇಗಾರ್ಡ್
ನಾನು ಓದುವಾಗ ಕಾಲೇಜು ತಂಡದ ಜೊತೆ ಫಿಲ್ಮ್ ಕತ್ತರಿಸುವ ಕೆಲಸ ಮಾಡುತ್ತಿದ್ದೆ, ಆದ್ದರಿಂದ ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ಹೇಳಬಲ್ಲೆ.

ಹೆಡ್ ಕೋಚ್ ಒಬ್ಬರೇ ಕೂತು ಇದನ್ನೆಲ್ಲ ನೋಡುವುದಿಲ್ಲ. ಎದುರಾಳಿಗಳನ್ನು ಅಸಿಸ್ಟೆಂಟ್‌ಗಳಿಗೆ ಹಂಚಿರುತ್ತಾರೆ. "ಈ ಸ್ಕೌಟ್ ನಿನ್ನದು" ಅಂದರೆ ಆ ಎದುರಾಳಿಯ ವಿಷಯ ಪೂರ್ತಿ ಅವರ ತಲೆ ಮೇಲೆ. ಮುಂದಿನ ಎದುರಾಳಿಯ ಮ್ಯಾಚಿಗೆ ಹೋಗಿ ಕೂತು ನೋಡುವ ಹಾಗಿಲ್ಲ, ಎನ್‌ಸಿಎಎ ಬಿಡುವುದಿಲ್ಲ. ಒಂದೇ ಟೂರ್ನಿ, ಒಂದೇ ಜಾಗದಲ್ಲಿ ಇದ್ದರೆ ಮಾತ್ರ ನೋಡಬಹುದು. ಹಾಗಾಗಿ ಎಲ್ಲವೂ ವಿಡಿಯೋ. ಸಿನರ್ಜಿ ಅನ್ನುವ ವಿಡಿಯೋ ಸೇವೆಯಲ್ಲಿ ಒಬ್ಬ ಆಟಗಾರನ ಹೆಸರು ಒತ್ತಿದರೆ ಅವನು ಎಡಕ್ಕೆ ಹೋದ ಪೊಸೆಶನ್‌ಗಳೆಲ್ಲ ಸಾಲಾಗಿ ಬರುತ್ತವೆ.

ನಮ್ಮಲ್ಲಿ ಮೊದಲು ಹಾಕುತ್ತಿದ್ದದ್ದು ಎದುರಾಳಿ ಸೋತ ಮ್ಯಾಚ್‌ಗಳನ್ನು. ನೋಡುತ್ತಿದ್ದದ್ದು ಬಾಸ್ಕೆಟ್ ಬಿತ್ತೋ ಇಲ್ಲವೋ ಅಂತಲ್ಲ. ಒಂದು ಉದಾಹರಣೆ: ಒಬ್ಬ ಸೆಂಟರ್, ರಿಬೌಂಡ್ ಹಿಡಿದ ತಕ್ಷಣ ಬಾಲನ್ನು ಸೊಂಟದ ತನಕ ಇಳಿಸುತ್ತಿದ್ದ. ಪ್ರತಿ ಸಲವೂ. ಎತ್ತರ ಎಷ್ಟಿದ್ದರೇನು, ಬಾಲ್ ಸೊಂಟದ ಹತ್ತಿರ ಬಂದರೆ ನಮ್ಮ ಕುಳ್ಳ ಗಾರ್ಡ್‌ಗೂ ಕೈಗೆ ಸಿಗುತ್ತದೆ. ಎದುರಾಳಿ ಆಟಗಾರರ ವಿವರ ಇರುವ ಪರ್ಸನೆಲ್ ಶೀಟಿನಲ್ಲಿ ಅವನ ಫೋಟೋ ಕೆಳಗೆ "ಬಾಲ್ ಕೆಳಗಿಳಿಸುತ್ತಾನೆ, ಕೈ ಹಾಕಿ" ಅಂತ ಒಂದೇ ಸಾಲು. ಆ ರಾತ್ರಿ ಫಸ್ಟ್ ಹಾಫ್‌ನಲ್ಲೇ ನಮ್ಮ ಗಾರ್ಡ್‌ಗಳು ಅವನ ಕೈಯಿಂದ ಮತ್ತೆ ಮತ್ತೆ ಬಾಲ್ ಕಿತ್ತರು. ಆ ತಂಡದ ರಿಬೌಂಡಿಂಗ್ ನಂಬರ್ ಬಹಳ ಚೆನ್ನಾಗಿತ್ತು. ನಂಬರ್ ನೋಡಿದ್ದರೆ ಒಳಗೆ ಹೋಗಲೇಬಾರದು ಅನ್ನಿಸುತ್ತಿತ್ತು.

ಲೆಕ್ಕದಮೇಷ್ಟ್ರು
ಅದೇ ಆಟಗಾರನ ಟರ್ನೋವರ್ ದರ ನೋಡಿದ್ದರೆ ನಂಬರಿನಲ್ಲೂ ಸಿಗುತ್ತಿತ್ತು.

ಹಳೇಗಾರ್ಡ್
ಜಾಸ್ತಿ ಟರ್ನೋವರ್ ಅಂತ ಸಿಗುತ್ತಿತ್ತು. ಯಾಕೆ ಅಂತ ಸಿಗುತ್ತಿರಲಿಲ್ಲ. ಯಾಕೆ ಅನ್ನುವುದೇ ಬೇಕಾದ್ದು.

ಮಾರ್ಚ್‌ಹುಚ್ಚು
ಪರ್ಡ್ಯೂ ವಿಷಯಕ್ಕೆ ಬರುತ್ತೇನೆ, ಆ ಮ್ಯಾಚನ್ನು ನಾನು ಪೂರ್ತಿ ನೋಡಿದ್ದೇನೆ. 2023ರ ಮಾರ್ಚ್ 17. ಫೇರ್ಲಿ ಡಿಕಿನ್ಸನ್ ತಮ್ಮ ಕಾನ್ಫರೆನ್ಸ್ ಟೂರ್ನಿಯನ್ನೂ ಗೆದ್ದಿರಲಿಲ್ಲ. ಫೈನಲ್‌ನಲ್ಲಿ ಇವರನ್ನು ಸೋಲಿಸಿದ ಮೆರಿಮ್ಯಾಕ್‌ಗೆ ಎನ್‌ಸಿಎಎ ಟೂರ್ನಿಗೆ ಹೋಗುವ ಅರ್ಹತೆ ಇನ್ನೂ ಇರಲಿಲ್ಲ, ಅದಕ್ಕೆ ಇವರಿಗೆ ಜಾಗ ಸಿಕ್ಕಿತು. ಕಾಲೇಜು ಆಟದ ಅತಿ ಮೇಲಿನ ಹಂತವಾದ ಡಿವಿಷನ್ 1ರಲ್ಲೇ ಅತಿ ಕುಳ್ಳ ತಂಡ. ಎದುರಿಗೆ 7 ಅಡಿ 4 ಇಂಚಿನ ಝಾಕ್ ಈಡಿ.

ಟೂರ್ನಿಯ ಮೊದಲ ಸುತ್ತಿಗೆ ಮುಂಚಿನ ಫಸ್ಟ್ ಫೋರ್ ಮ್ಯಾಚ್ ಗೆದ್ದ ರಾತ್ರಿಯೇ ಅವರ ಕೋಚ್ ಟೋಬಿನ್ ಆಂಡರ್ಸನ್, ಪರ್ಡ್ಯೂವನ್ನು ನೋಡಿದಷ್ಟೂ ಗೆಲ್ಲಬಹುದು ಅನ್ನಿಸುತ್ತಿದೆ ಅಂತ ಲಾಕರ್ ರೂಮಿನಲ್ಲಿ ಆಟಗಾರರಿಗೆ ಹೇಳಿದರು. ಕ್ಯಾಮೆರಾ ಇತ್ತು, ಎಲ್ಲರೂ ನೋಡಿದರು, ಸೊಕ್ಕು ಅಂದರು. ಅವರಿಗೆ ಕಂಡಿದ್ದು ಈಡಿ ಅಲ್ಲ, ಈಡಿಗೆ ಬಾಲ್ ತಲುಪಿಸಬೇಕಾದ ಗಾರ್ಡ್‌ಗಳು. ಬ್ರೇಡನ್ ಸ್ಮಿತ್, ಫ್ಲೆಚರ್ ಲೋಯರ್ ಇಬ್ಬರೂ ಮೊದಲ ವರ್ಷದವರು. ಅವರ ಮೇಲೆ ಪ್ರೆಸ್ ಹಾಕಿದರು. ಈಡಿಗೆ ಮುಂದೊಬ್ಬ, ಹಿಂದೊಬ್ಬ. ಹೊರಗಿನವರು ಬೇಕಾದರೆ ತ್ರೀ (ದೂರದಿಂದ ಮೂರು ಅಂಕದ ಶಾಟ್) ಹೊಡೆಯಲಿ ಅಂತ ಬಿಟ್ಟರು. ಪರ್ಡ್ಯೂ 26 ತ್ರೀ ಎಸೆದು ಹಾಕಿದ್ದು 5. ಫೇರ್ಲಿ ಡಿಕಿನ್ಸನ್ 63-58.

ಬಿಗ್ ಟೆನ್ ಕೋಚ್‌ಗಳಿಗೂ ಇದು ಕಂಡಿತ್ತು ಅಂತ ನನ್ನ ನಂಬಿಕೆ. ಆದರೆ ಸಣ್ಣ ಗಾರ್ಡ್‌ಗಳನ್ನೇ ತುಂಬಿಕೊಂಡು 40 ನಿಮಿಷ ಓಡಿಸುವ ಧೈರ್ಯ ಅವರಲ್ಲಿ ಯಾರಿಗಿದೆ? ಅವರ ತಂಡಗಳೂ ಎತ್ತರದ ತಂಡಗಳೇ ಅಲ್ವಾ.

ಝೋನ್_ಪ್ರೇಮಿ
ಕಥೆ ಚೆನ್ನಾಗಿದೆ. ಆದರೆ 26ರಲ್ಲಿ 21 ಮಿಸ್ ಆಗಿದ್ದನ್ನು ಪ್ಲಾನ್ ಅಂತ ಕರೆಯಬೇಡಿ. ಅದರಲ್ಲಿ ಎಷ್ಟೋ ಶಾಟ್‌ಗಳು ಪೂರ್ತಿ ಖಾಲಿಯಾಗಿದ್ದವು. ಇನ್ನು ಮೂರು ಬಿದ್ದಿದ್ದರೆ ಪರ್ಡ್ಯೂ ಗೆದ್ದು, ನಾವು ಇವತ್ತು ಆಂಡರ್ಸನ್ ಹೆಸರೇ ಎತ್ತುತ್ತಿರಲಿಲ್ಲ.

ಮಾರ್ಚ್‌ಹುಚ್ಚು
ಯಾರಿಗೆ ಖಾಲಿ ಬಿಡಬೇಕು ಅಂತ ಆರಿಸಿದ್ದೇ ಪ್ಲಾನ್.

ಲೆಕ್ಕದಮೇಷ್ಟ್ರು
ಇಬ್ಬರ ಮಾತಲ್ಲೂ ಅರ್ಧರ್ಧ ನಿಜ ಇದೆ. ಎದುರಾಳಿಯ ತ್ರೀ ಎಷ್ಟು ಬೀಳುತ್ತದೆ ಅನ್ನುವುದರ ಮೇಲೆ ಡಿಫೆನ್ಸ್‌ಗೆ ಹಿಡಿತ ಬಹಳ ಕಮ್ಮಿ, ಎಷ್ಟು ಎಸೆಯುತ್ತಾರೆ ಅನ್ನುವುದರ ಮೇಲೆ ಜಾಸ್ತಿ. ಪೊಮೆರಾಯ್ ವರ್ಷಗಟ್ಟಲೆ ಇದನ್ನೇ ಹೇಳುತ್ತಾ ಬಂದಿದ್ದಾರೆ. ಒಳ್ಳೆ ಶೂಟರ್ ಇರುವ ತಂಡದ ವಿರುದ್ಧ ಮಾಡಬೇಕಾದ್ದು ಎಸೆತವನ್ನೇ ತಡೆಯುವುದು.

ರಿಬೌಂಡ್_ರಂಗ
ಹಾಗಿದ್ದರೆ ಅದೇ ಪರ್ಡ್ಯೂ, ಅದೇ ಈಡಿ, ಒಂದು ವರ್ಷದ ಆಮೇಲಿನ ಫೈನಲ್ ನೋಡಬೇಕು. 2024ರಲ್ಲಿ ಸ್ಮಿತ್, ಲೋಯರ್ ಬೆಳೆದಿದ್ದರು. ಲ್ಯಾನ್ಸ್ ಜೋನ್ಸ್ ಬಂದಿದ್ದ. ತ್ರೀನಲ್ಲಿ ದೇಶದ ಅತ್ಯುತ್ತಮ ತಂಡಗಳಲ್ಲಿ ಒಂದು ಆಗಿತ್ತು. ಹಿಂದಿನ ವರ್ಷದ ಹಾಗೆ ಇಬ್ಬರನ್ನು ಈಡಿ ಮೇಲೆ ಬಿಟ್ಟು ಹೊರಗೆ ಖಾಲಿ ಬಿಟ್ಟಿದ್ದರೆ ಕನೆಕ್ಟಿಕಟ್ ಕಥೆ ಮುಗಿಯುತ್ತಿತ್ತು.

ಕನೆಕ್ಟಿಕಟ್ ಕೋಚ್ ಡ್ಯಾನ್ ಹರ್ಲಿ ಪೂರ್ತಿ ತಿರುಗಿಸಿದರು. ಈಡಿಯನ್ನು ನಮ್ಮ ಸೆಂಟರ್ ಡೊನೊವನ್ ಕ್ಲಿಂಗನ್ ಒಬ್ಬನೇ ನೋಡಿಕೊಳ್ಳಲಿ, ಉಳಿದ ನಾಲ್ವರು ತಮ್ಮ ತಮ್ಮ ಶೂಟರ್ ಬಿಟ್ಟು ಕದಲಬಾರದು. ಈಡಿ 37 ಹೊಡೆದ. ಪರ್ಡ್ಯೂ ಇಡೀ ಮ್ಯಾಚಿನಲ್ಲಿ ಎಸೆದ ತ್ರೀ 7, ಬಿದ್ದದ್ದು 1. ಕನೆಕ್ಟಿಕಟ್ 75-60.

ಎರಡೂ ಮ್ಯಾಚ್ ಪಕ್ಕ ಪಕ್ಕ ಇಟ್ಟು ನೋಡಿ. ಒಬ್ಬ ಕೋಚ್ ಈಡಿಯನ್ನು ಕಟ್ಟಿ ಹೊರಗಿನವರನ್ನು ಬಿಟ್ಟ. ಇನ್ನೊಬ್ಬ ಈಡಿಯನ್ನು ಬಿಟ್ಟು ಹೊರಗಿನವರನ್ನು ಕಟ್ಟಿದ. ಇಬ್ಬರೂ ಗೆದ್ದರು. ಕ್ಲಿಂಗನ್ ಇಲ್ಲದ ತಂಡ ಹರ್ಲಿ ಪ್ಲಾನ್ ಹಾಕಿದ್ದರೆ ಈಡಿ 50 ಹೊಡೆದು ಹೋಗುತ್ತಿದ್ದ. ಪರ್ಡ್ಯೂ ಎಲ್ಲಿ ಬಲಹೀನ ಅನ್ನುವುದಕ್ಕೆ ಉತ್ತರ ಎದುರಿಗೆ ಯಾರಿದ್ದಾರೆ ಅನ್ನುವುದರ ಮೇಲೆ ಬದಲಾಗುತ್ತದೆ.

ಆರನೇ_ಆಟಗಾರ
ಫೈನಲ್‌ನಲ್ಲಿ 37 ಹೊಡೆದೂ 15 ಅಂಕದಲ್ಲಿ ಸೋಲುವುದು! ಈಡಿ ಬಗ್ಗೆ ಇವತ್ತಿಗೂ ಬೇಜಾರಾಗುತ್ತದೆ.

ಎಡಗೈ_ಡ್ರಿಬಲ್
ಎಲ್ಲರೂ ಗಂಡಸರ ಆಟವನ್ನೇ ಹೇಳುತ್ತಿದ್ದೀರಿ. ಇದರ ಅತಿ ಒಳ್ಳೆ ಪಾಠ ಮಹಿಳೆಯರ 2023ರ ಸೆಮಿಫೈನಲ್‌ನಲ್ಲಿದೆ. ಸೌತ್ ಕೆರೊಲಿನಾ 36-0, ಯಾರೂ ಸೋಲಿಸಿರಲಿಲ್ಲ. ಒಳಗೆ ಅವರ ಎತ್ತರಕ್ಕೆ ಅಯೋವಾ ಹತ್ತಿರ ಉತ್ತರವೇ ಇರಲಿಲ್ಲ. ಅಯೋವಾ ಏನು ಮಾಡಿತು? ಗಾರ್ಡ್ ರೇವನ್ ಜಾನ್ಸನ್ ಹೊರಗಿನಿಂದ ಹೊಡೆಯುವುದಿಲ್ಲ ಅಂತ ಲೆಕ್ಕ ಹಾಕಿ ಅವಳ ಹತ್ತಿರ ಯಾರನ್ನೂ ಕಳಿಸಲೇ ಇಲ್ಲ. ಎಲ್ಲರೂ ಬಾಸ್ಕೆಟ್ ಮುಂದಿನ ಪೇಂಟಿನೊಳಗೆ. ಬಾಲ್ ಅವಳ ಕೈಲಿದ್ದಾಗ ಅಯೋವಾದ ಕೇಟ್ಲಿನ್ ಕ್ಲಾರ್ಕ್ ದೂರದಲ್ಲೇ ನಿಂತು ಹೊಡಿ ಅನ್ನುವ ಹಾಗೆ ಕೈ ಬೀಸಿದ ಆ ಕ್ಲಿಪ್ ನೀವೆಲ್ಲ ನೋಡಿರುತ್ತೀರಿ. ಅಯೋವಾ 77-73. ಕ್ಲಾರ್ಕ್ 41.

ಅದನ್ನು ನೋಡಿ ನಕ್ಕವರ ಮೇಲೆ ನನಗೆ ಸಿಟ್ಟು ಬಂದಿತ್ತು. ಒಂದು ಹುಡುಗಿಯ ಕೊರತೆಯನ್ನು ದೇಶದ ಮುಂದೆ ಎತ್ತಿ ತೋರಿಸಿದ ಹಾಗೆ. ಆದರೆ ಆಮೇಲೆ ನಡೆದದ್ದು ನೋಡಿ. ಜಾನ್ಸನ್ ಆ ಬೇಸಿಗೆ ಪೂರ್ತಿ ಶೂಟಿಂಗ್ ಮೇಲೆ ಕೆಲಸ ಮಾಡಿದಳು. 2024ರಲ್ಲಿ ಅದೇ ಅಯೋವಾ ವಿರುದ್ಧ ಫೈನಲ್. ಕ್ಲಾರ್ಕ್ ಹಿಂದೆ ಬಿದ್ದು ಡಿಫೆಂಡ್ ಮಾಡಿದವರಲ್ಲಿ ಜಾನ್ಸನ್ ಮುಖ್ಯ. ಸೌತ್ ಕೆರೊಲಿನಾ 87-75, ಸೀಸನ್ 38-0. ಕೋಚ್ ಡಾನ್ ಸ್ಟೇಲಿ ಅವಳನ್ನು ಬೆಂಚಿಗೆ ತಳ್ಳಲಿಲ್ಲ ಅನ್ನುವುದನ್ನು ನಾನು ಬಹಳ ದೊಡ್ಡದಾಗಿ ಕಾಣುತ್ತೇನೆ.

ಬ್ಯಾಂಕ್‌ಶಾಟ್
ಇದು ಬಹಳ ಒಳ್ಳೆ ಉದಾಹರಣೆ. ಹಾಗಾದರೆ ಹುಳುಕು ಹೊರಗೆ ಬರುವುದೇ ಆ ತಂಡಕ್ಕೆ ಒಳ್ಳೆಯದು ಅಂತಲೂ ಹೇಳಬಹುದಾ?

ಎಡಗೈ_ಡ್ರಿಬಲ್
ಬೇಸಿಗೆ ಸಿಕ್ಕರೆ ಹೌದು. ಮಾರ್ಚ್‌ನಲ್ಲಿ ಹೊರಗೆ ಬಂದರೆ ಅಲ್ಲಿಗೆ ಮುಗಿಯಿತು.

ಝೋನ್_ಪ್ರೇಮಿ
ವರ್ಜೀನಿಯಾ ಬಗ್ಗೆ ಯಾರೂ ಹೇಳಲಿಲ್ಲ. 2018ರಲ್ಲಿ ಯುಎಂಬಿಸಿ ಅನ್ನುವ ಸಣ್ಣ ತಂಡಕ್ಕೆ 74-54 ಸೋತರು. ಒಂದನೇ ಸೀಡ್ 16ನೇ ಸೀಡ್‌ಗೆ ಸೋತಿದ್ದು ಗಂಡಸರ ಟೂರ್ನಿಯಲ್ಲಿ ಅದೇ ಮೊದಲು. ಹಾಫ್‌ಟೈಮ್‌ಗೆ 21-21 ಇತ್ತು. ವರ್ಜೀನಿಯಾ ಇಡೀ ಮ್ಯಾಚಿಗೆ ಬಿಟ್ಟುಕೊಡುತ್ತಿದ್ದ ಹೆಚ್ಚುಕಡಿಮೆ ಅಷ್ಟೂ ಅಂಕವನ್ನು ಯುಎಂಬಿಸಿ ಸೆಕೆಂಡ್ ಹಾಫ್ ಒಂದರಲ್ಲೇ ಹೊಡೆಯಿತು.

ಅವರ ಪ್ಯಾಕ್ ಲೈನ್ ಡಿಫೆನ್ಸ್‌ನಲ್ಲಿ ಎಲ್ಲರೂ ಒಳಗೆ ಕುಗ್ಗಿ ನಿಲ್ಲುತ್ತಾರೆ, ಡ್ರೈವ್‌ಗೆ ದಾರಿಯೇ ಇರುವುದಿಲ್ಲ. ಹೊರಗಿನಿಂದ ಹೊಡೆದರೆ ಒಡೆಯುತ್ತದೆ ಅಂತ ಊರಿಗೆಲ್ಲ ಗೊತ್ತು. ಯುಎಂಬಿಸಿ 24 ತ್ರೀನಲ್ಲಿ 12 ಹಾಕಿತು. ಮರು ವರ್ಷ ವರ್ಜೀನಿಯಾ ಕೋಚ್ ಟೋನಿ ಬೆನೆಟ್ ಅದೇ ಡಿಫೆನ್ಸ್ ಇಟ್ಟುಕೊಂಡು ಟೆಕ್ಸಸ್ ಟೆಕ್ ವಿರುದ್ಧ ಓವರ್‌ಟೈಮ್‌ನಲ್ಲಿ 85-77 ಗೆದ್ದು ಚಾಂಪಿಯನ್. ಈಗ ಹೇಳಿ, ಅದು ಹುಳುಕಾ, ಒಂದು ಕೆಟ್ಟ ರಾತ್ರಿಯಾ?

ಲೆಕ್ಕದಮೇಷ್ಟ್ರು
ವರ್ಜೀನಿಯಾದ ಡಿಆಂಡ್ರೆ ಹಂಟರ್ 2018ರಲ್ಲಿ ಕೈ ಮುರಿದು ಆ ಮ್ಯಾಚ್ ಆಡಲಿಲ್ಲ. 2019ರ ಫೈನಲ್‌ನಲ್ಲಿ ಅವನೇ 27 ಹೊಡೆದ. ಅದನ್ನು ಬಿಟ್ಟು ಹೋಲಿಸುವುದು ಸರಿಯಲ್ಲ.

ನಿಧಾನ ಆಟದಲ್ಲಿ ಒಂದು ಅಪಾಯ ಇದ್ದೇ ಇದೆ. ಪೊಸೆಶನ್ ಕಮ್ಮಿಯಾದಷ್ಟೂ ಒಳ್ಳೆ ತಂಡದ ಮೇಲುಗೈ ತೋರಲು ಅವಕಾಶ ಕಮ್ಮಿ. ಹತ್ತು ಅಂಕ ಹಿಂದೆ ಬಿದ್ದರೆ ಬೇಗ ಬೇಗ ಆಡಿ ಎದ್ದು ಬರುವ ಅಭ್ಯಾಸವೂ ಇರುವುದಿಲ್ಲ. ಎದುರಾಳಿ ಕೋಚ್ ಬರೆದುಕೊಳ್ಳುವುದು ಇದನ್ನೇ: ಹೇಗಾದರೂ ಲೀಡ್ ತಗೊಳ್ಳಿ.

ಪಾಸ್‌ವಾಲ
ನಿಧಾನ ಆಟ ಅಂದ ಮೇಲೆ ಪ್ರಿನ್ಸ್‌ಟನ್ ಬರಲೇಬೇಕು. 1996, ಯುಸಿಎಲ್‌ಎ ಹಿಂದಿನ ವರ್ಷದ ಚಾಂಪಿಯನ್. ಪ್ರಿನ್ಸ್‌ಟನ್ 13ನೇ ಸೀಡ್. 43-41. ಕೊನೆಗೆ ಗೆಲ್ಲಿಸಿದ್ದು ಒಂದು ಬ್ಯಾಕ್‌ಡೋರ್ ಕಟ್, ಅಂದರೆ ಡಿಫೆಂಡರ್ ಬೆನ್ನ ಹಿಂದಿನಿಂದ ಬಾಸ್ಕೆಟ್ ಕಡೆಗೆ ಓಡುವುದು. ಕೋಚ್ ಪೀಟ್ ಕ್ಯಾರಿಲ್ ತಂಡ ಅದನ್ನು ಮಾಡುತ್ತದೆ ಅಂತ ಬ್ಯಾಸ್ಕೆಟ್‌ಬಾಲ್ ನೋಡುವ ಪ್ರತಿಯೊಬ್ಬರಿಗೂ ಗೊತ್ತಿತ್ತು.

ನನಗೆ ಇದು ಯಾಕೆ ಮುಖ್ಯ ಅಂದರೆ, ಇಲ್ಲಿ ಪ್ರಿನ್ಸ್‌ಟನ್ ಬಳಸಿಕೊಂಡದ್ದು ಯುಸಿಎಲ್‌ಎಯ ಕೊರತೆಯನ್ನಲ್ಲ, ಶಕ್ತಿಯನ್ನು. ಚುರುಕು ಕಾಲಿನ ಡಿಫೆಂಡರ್ ಪಾಸ್ ಕದಿಯಲು ಮುಂದೆ ಬರುತ್ತಾನೆ. ಅವನು ಒಂದು ಹೆಜ್ಜೆ ಮುಂದಿಟ್ಟ ಕ್ಷಣ ಬೆನ್ನ ಹಿಂದೆ ಬಾಗಿಲು ತೆರೆಯಿತು. ನಿಧಾನದ ಡಿಫೆಂಡರ್ ಆಗಿದ್ದರೆ ಅಲ್ಲಿಗೆ ಬರುತ್ತಲೇ ಇರಲಿಲ್ಲ.

ರಿಬೌಂಡ್_ರಂಗ
ಇದನ್ನು ಪತ್ರಿಕೆಯಲ್ಲಿ ಯಾವ ಕೋಚೂ ಹೇಳುವುದಿಲ್ಲ ನೋಡಿ. ಅಲ್ಲಿ ಬರುವುದು ಎತ್ತರ, ಶೂಟಿಂಗ್, ಬೆಂಚ್ ಅಷ್ಟೇ. ಆಟಗಾರನ ಅಭ್ಯಾಸ ಅಲ್ಲಿ ಬರುವುದೇ ಇಲ್ಲ.

ಮಾರ್ಚ್‌ಹುಚ್ಚು
ಬರಲು ಸಾಧ್ಯವೂ ಇಲ್ಲ. ನಿಜವಾಗಿ ಉಪಯೋಗಕ್ಕೆ ಬರುವ ವಿಷಯ ಗೊತ್ತಿದ್ದರೆ ಅದನ್ನು ಪತ್ರಿಕೆಗೆ ಯಾಕೆ ಹೇಳುತ್ತಾರೆ? ಜನವರಿಯಲ್ಲಿ ಆ ತಂಡದ ಮೇಲೆ ತಾನೇ ಬಳಸಬೇಕಲ್ಲ.

ಹಳೇಗಾರ್ಡ್
ಅಷ್ಟು ಸುಳ್ಳೂ ಇರುವುದಿಲ್ಲ. ಹೆಸರು ಹಾಕದಿದ್ದಾಗ ಕೆಲವರು ಮನಸ್ಸು ಬಿಚ್ಚಿ ಮಾತಾಡುತ್ತಾರೆ. ನಾನು ಒಂದನ್ನು ಗಮನಿಸುತ್ತೇನೆ: ಹೊಗಳಿಕೆ ಒಬ್ಬ ಆಟಗಾರನ ಹೆಸರಿಗೆ ಅಂಟಿದ್ದರೆ ಸ್ವಲ್ಪ ಅನುಮಾನ. 2021ರಿಂದ ಆಟಗಾರರು ಒಂದು ಸಲ ಕಾಲೇಜು ಬದಲಿಸಿದರೆ ಒಂದು ವರ್ಷ ಹೊರಗೆ ಕೂರಬೇಕಾಗಿಲ್ಲ, 2024ರಿಂದ ಎಷ್ಟು ಸಲ ಬದಲಿಸಿದರೂ ಸರಿ. ಹೊಗಳುವ ಕೋಚ್‌ಗೆ ಆ ಹುಡುಗ ಮುಂದಿನ ವರ್ಷ ತನ್ನ ಹತ್ತಿರ ಬಂದರೆ ಸಂತೋಷವೇ.

ಕಾಲೇಜು ಬದಲಿಸುವವರು ಹೆಸರು ಹಾಕುವ ಪೋರ್ಟಲ್ ಬಂದ ಮೇಲೆ ಸ್ಕೌಟಿಂಗ್ ಕೆಲಸವೂ ಬದಲಾಗಿದೆ. ಮೊದಲು ಹಿಂದಿನ ಸೀಸನ್ನಿನ ಫಿಲ್ಮ್ ತೆಗೆದರೆ ಅರ್ಧ ತಂಡ ಅದೇ ಇರುತ್ತಿತ್ತು. ಈಗ ಐದು ಆಟಗಾರರು ಐದು ಕಾಲೇಜಿನಿಂದ ಬಂದಿರುತ್ತಾರೆ. ಒಬ್ಬೊಬ್ಬರ ಹಳೇ ತಂಡದ ಫಿಲ್ಮ್ ಹುಡುಕಬೇಕು. ಅಲ್ಲಿ ಅವನು ಮೊದಲ ಆಯ್ಕೆಯಾಗಿದ್ದ, ಇಲ್ಲಿ ಮೂರನೆಯವನು. ಒಬ್ಬನಿಗೆ ಎಡಗೈ ಬರುವುದಿಲ್ಲ ಅನ್ನುವುದು ಬದಲಾಗಿರುವುದಿಲ್ಲ. ಐದು ಜನ ಒಟ್ಟಿಗೆ ಸ್ಕ್ರೀನ್ (ಎದುರಾಳಿ ಮೈ ಅಡ್ಡ ಇಟ್ಟು ಡಿಫೆಂಡರ್ ದಾರಿ ತಡೆಯುವುದು) ಬಂದಾಗ ಹೇಗೆ ಮಾತಾಡಿಕೊಳ್ಳುತ್ತಾರೆ ಅನ್ನುವುದು ನವೆಂಬರ್ ಕಳೆಯುವ ತನಕ ಯಾರಿಗೂ ಗೊತ್ತಿರುವುದಿಲ್ಲ.

ಪಾಸ್‌ವಾಲ
ಕಾನ್ಫರೆನ್ಸ್‌ಗಳೂ ಹಿಗ್ಗಿವೆ. ಬಿಗ್ ಟೆನ್‌ನಲ್ಲಿ ಈಗ 18 ತಂಡ, ಕಾನ್ಫರೆನ್ಸ್ ಮ್ಯಾಚ್ 20. ಹೆಚ್ಚಿನವರ ಜೊತೆ ಒಂದೇ ಸಲ ಆಟ. ವರ್ಷಕ್ಕೆರಡು ಸಲ ಆಡಿ ಎದುರಾಳಿ ಕೋಚಿನ ಕೈಸನ್ನೆ ತನಕ ಗೊತ್ತಿರುತ್ತಿದ್ದ ಕಾಲ ಹೋಯಿತು. ನನಗೆ ಇದರ ಬಗ್ಗೆ ನಿಜವಾಗಲೂ ಬೇಸರ ಇದೆ.

ಆರನೇ_ಆಟಗಾರ
ಫ್ರೀ ಥ್ರೋ ಬಗ್ಗೆ ಯಾರೂ ಮಾತಾಡಲಿಲ್ಲ. ಅದಕ್ಕಿಂತ ಕಣ್ಣಿಗೆ ಕಾಣುವ ಕೊರತೆ ಯಾವುದಿದೆ? ಹೊಡೆಯಲು ಬರದವನಿಗೆ ಸುಮ್ನೆ ಫೌಲ್ ಮಾಡಿದರಾಯಿತು. ಏಳು ಫೌಲ್ ಆದ ಮೇಲೆ ಎರಡು ಫ್ರೀ ಥ್ರೋ, ಎರಡೂ ಮಿಸ್ ಮಾಡುತ್ತಾನೆ.

ಲೆಕ್ಕದಮೇಷ್ಟ್ರು
ಏಳಕ್ಕೆ ಎರಡಲ್ಲ. ಗಂಡಸರ ಕಾಲೇಜು ಆಟದಲ್ಲಿ ಒಂದು ಹಾಫ್‌ನ ಏಳನೇ ಫೌಲಿನಿಂದ ಒನ್ ಅಂಡ್ ಒನ್. ಮೊದಲನೆಯದು ಬಿದ್ದರೆ ಮಾತ್ರ ಎರಡನೆಯದು. ಹತ್ತನೇ ಫೌಲಿನಿಂದ ಎರಡು. ಇದರಿಂದಲೇ ಏಳರಿಂದ ಒಂಬತ್ತನೇ ಫೌಲ್ ತನಕ ಬಡ ಶೂಟರ್ ಇರುವ ತಂಡಕ್ಕೆ ಡಬಲ್ ಹೊಡೆತ. ಮೊದಲನೆಯದೇ ಮಿಸ್ ಆದರೆ ಪೊಸೆಶನ್ ಸೊನ್ನೆಗೆ ಹೋಯಿತು. ಮಹಿಳೆಯರಲ್ಲಿ 2015-16ರಿಂದ ಕ್ವಾರ್ಟರ್ ಪದ್ಧತಿ ಬಂದು ಒನ್ ಅಂಡ್ ಒನ್ ಇಲ್ಲವಾಯಿತು.

ಸುಮ್ನೆ ಫೌಲ್ ಮಾಡುವುದೂ ಪುಕ್ಕಟೆ ಅಲ್ಲ. ಐದು ಫೌಲ್‌ಗೆ ಆಟಗಾರ ಹೊರಗೆ. ಬೆಂಚ್ ಉದ್ದ ಇದ್ದರೆ ಮಾತ್ರ ಆ ಆಟ ನಡೆಯುತ್ತದೆ.

ಮಾರ್ಚ್‌ಹುಚ್ಚು
ಮೆಂಫಿಸ್ 2008. ಸೀಸನ್ ಪೂರ್ತಿ ಫ್ರೀ ಥ್ರೋ ಹೊಡೆಯಲು ಬರುವುದಿಲ್ಲ ಅಂತ ಎಲ್ಲರೂ ಬರೆದರು. ಕೋಚ್ ಜಾನ್ ಕ್ಯಾಲಿಪರಿ, ಬೇಕಾದಾಗ ನಮ್ಮ ಹುಡುಗರು ಹಾಕುತ್ತಾರೆ ಅನ್ನುತ್ತಾ ಬಂದರು. ಹಾಕುತ್ತಲೂ ಇದ್ದರು, ಫೈನಲ್ ತನಕ. ಕ್ಯಾನ್ಸಸ್ ವಿರುದ್ಧ ಎರಡು ನಿಮಿಷ ಚಿಲ್ಲರೆ ಉಳಿದಾಗ 9 ಅಂಕ ಮುಂದೆ. ಆಮೇಲೆ ಕ್ಯಾನ್ಸಸ್ ಬೇಕೆಂದೇ ಲೈನಿಗೆ ಕಳಿಸಿತು, ಮೆಂಫಿಸ್ ಕೊನೆಯ ಐದರಲ್ಲಿ ನಾಲ್ಕು ಮಿಸ್ ಮಾಡಿತು, ಕ್ಯಾನ್ಸಸ್‌ನ ಮಾರಿಯೋ ಚಾಮರ್ಸ್ 2.1 ಸೆಕೆಂಡ್ ಇರುವಾಗ ತ್ರೀ ಹಾಕಿ ಸಮ ಮಾಡಿದ. ಓವರ್‌ಟೈಮ್‌ನಲ್ಲಿ ಕ್ಯಾನ್ಸಸ್ 75-68.

ಎಲ್ಲರಿಗೂ ಗೊತ್ತಿದ್ದ ಕೊರತೆ ಇಟ್ಟುಕೊಂಡು ಒಂದು ತಂಡ 38 ಮ್ಯಾಚ್ ಗೆದ್ದಿತು. 20 ಅಂಕ ಮುಂದಿದ್ದಾಗ ಫ್ರೀ ಥ್ರೋ ಯಾರಿಗೂ ಬೇಕಾಗುವುದಿಲ್ಲ. ಆ ಕೊರತೆಗೆ ಬೆಲೆ ಬರಬೇಕಾದರೆ ಮೊದಲು ನೀವು ಅವರ ಸಮಕ್ಕೆ ಆಡಬೇಕು. ಕ್ಯಾನ್ಸಸ್ ಆಡಿತು. ಬ್ಯಾಂಕ್‌ಶಾಟ್ ಅವರ ಎರಡನೇ ಪ್ರಶ್ನೆಗೆ ನನ್ನ ಉತ್ತರ ಇದೇ.

ಝೋನ್_ಪ್ರೇಮಿ
ಆ ಸೀಸನ್ನಿನ ಮೆಂಫಿಸ್ ಗೆಲುವುಗಳನ್ನು ಎನ್‌ಸಿಎಎ ಆಮೇಲೆ ದಾಖಲೆಯಿಂದ ತೆಗೆದು ಹಾಕಿತು. 38 ಅಂತ ಬರೆಯುವ ಹಾಗಿಲ್ಲ.

ಮಾರ್ಚ್‌ಹುಚ್ಚು
ದಾಖಲೆಯಿಂದ ತೆಗೆಯಬಹುದು. ಆಟ ನಡೆದದ್ದು ನಡೆದದ್ದೇ, ನಾನು ನೋಡಿದ್ದೇನೆ.

ಬ್ಯಾಂಕ್‌ಶಾಟ್
ಹಳೇಗಾರ್ಡ್, ಇನ್ನೊಂದು ಕೇಳಬೇಕು. ಇಷ್ಟೆಲ್ಲ ಕಂಡುಹಿಡಿದ ಮೇಲೆ ಆಟಗಾರರಿಗೆ ಎಷ್ಟು ಹೇಳುತ್ತಾರೆ? ಟೂರ್ನಿಯಲ್ಲಿ ಗುರುವಾರ ಗೆದ್ದರೆ ಶನಿವಾರ ಮತ್ತೊಂದು ತಂಡ. ನಡುವೆ ಒಂದೇ ದಿನ.

ಹಳೇಗಾರ್ಡ್
ಬಹಳ ಕಮ್ಮಿ ಹೇಳುತ್ತಾರೆ. ಅಸಿಸ್ಟೆಂಟ್ ಹತ್ತಿರ ಇಪ್ಪತ್ತು ಪುಟ ಇರಬಹುದು, ಆಟಗಾರನ ತಲೆಗೆ ಹೋಗಬೇಕಾದ್ದು ಮೂರು ಮಾತು. ಇವನನ್ನು ಎಡಕ್ಕೆ ತಳ್ಳು. ಅವನಿಗೆ ಸ್ಕ್ರೀನ್ ಬಂದರೆ ಕೆಳಗಿಂದ ಹೋಗು. ಶಾಟ್ ಎದ್ದ ಕೂಡಲೇ ನಂಬರ್ 34ನ್ನು ಮೈಯಿಂದ ತಡೆ. ಅದಕ್ಕಿಂತ ಜಾಸ್ತಿ ಹೇಳಿದರೆ ಹುಡುಗ ಯೋಚಿಸುತ್ತಾ ನಿಲ್ಲುತ್ತಾನೆ, ಅಷ್ಟರಲ್ಲಿ ಬಾಲ್ ದಾಟಿ ಹೋಗಿರುತ್ತದೆ.

ಟೂರ್ನಿಯಲ್ಲಿ ಶನಿವಾರ ಎದುರಾಗಬಹುದಾದ ಎರಡೂ ತಂಡಗಳ ಸ್ಕೌಟ್ ಗುರುವಾರಕ್ಕೆ ಮೊದಲೇ ತಯಾರಿರುತ್ತದೆ, ಬೇರೆ ಬೇರೆ ಅಸಿಸ್ಟೆಂಟ್ ಹತ್ತಿರ. ಒಂದು ಸ್ಕೌಟ್ ಕಸದ ಬುಟ್ಟಿಗೆ ಹೋಗುವುದು ಖಚಿತ, ಆದರೂ ಅದನ್ನು ಅಷ್ಟೇ ಶ್ರದ್ಧೆಯಿಂದ ಮಾಡಬೇಕು.

ಎಡಗೈ_ಡ್ರಿಬಲ್
ಸ್ಕೌಟ್ ಟೀಮ್ ಬಗ್ಗೆಯೂ ಹೇಳಿ. ಪ್ರಾಕ್ಟೀಸ್‌ನಲ್ಲಿ ಎದುರಾಳಿಯ ಹಾಗೆ ಆಡಿ ತೋರಿಸುವವರು ಅವರೇ ಅಲ್ವಾ. ಮಹಿಳೆಯರ ತಂಡಗಳಲ್ಲಿ ಇದಕ್ಕೆ ಕಾಲೇಜಿನ ಹುಡುಗರನ್ನು ಕರೆಸುತ್ತಾರೆ.

ಹಳೇಗಾರ್ಡ್
ಹೌದು. ನಮ್ಮಲ್ಲಿ ವಾಕ್‌ಆನ್ ಹುಡುಗರು. ಸ್ಕಾಲರ್‌ಶಿಪ್ ಇಲ್ಲ, ಮ್ಯಾಚಿನಲ್ಲಿ ಆಡುವುದು ಅಪರೂಪ. ವಾರಕ್ಕೆ ಎರಡು ಬೇರೆ ಬೇರೆ ತಂಡಗಳ ಪ್ಲೇ ಕಲಿತು, ಎದುರಾಳಿ ಗಾರ್ಡ್ ಹೇಗೆ ಭುಜ ಅಲ್ಲಾಡಿಸುತ್ತಾನೋ ಹಾಗೇ ಅಲ್ಲಾಡಿಸಿ ತೋರಿಸಬೇಕು. ನಮ್ಮ ಒಬ್ಬ ವಾಕ್‌ಆನ್ ಮೇಲೆ ಹೇಳಿದ ಆ ಸೆಂಟರ್ ಪಾತ್ರ ಮಾಡಿದ್ದ. ರಿಬೌಂಡ್ ಹಿಡಿದು ಪ್ರತಿ ಸಲ ಬಾಲನ್ನು ಸೊಂಟಕ್ಕೆ ಇಳಿಸುತ್ತಾ, ಗಾರ್ಡ್‌ಗಳು ಕೈ ಹಾಕುವುದನ್ನು ಕಲಿಯುವ ತನಕ ಏಟು ತಿಂದ. ಬಾಕ್ಸ್ ಸ್ಕೋರ್‌ನಲ್ಲಿ ಅವನ ಹೆಸರು ಬರಲಿಲ್ಲ. ಮ್ಯಾಚ್ ಮುಗಿದ ಮೇಲೆ ಹೆಡ್ ಕೋಚ್ ಎಲ್ಲರ ಮುಂದೆ ಮೊದಲು ಅವನ ಹೆಸರನ್ನೇ ಹೇಳಿದರು.

ರಿಬೌಂಡ್_ರಂಗ
ಇನ್ನು ಸ್ಕ್ರೀನ್ ಡಿಫೆನ್ಸ್ ಬಗ್ಗೆ ಬೇರೆಯೇ ಒಂದು ಚರ್ಚೆ ಬೇಕು. ಡ್ರಾಪ್ ಮಾಡುವ (ಸ್ಕ್ರೀನ್ ಬಂದಾಗ ಹಿಂದೆ ಸರಿದು ನಿಲ್ಲುವ) ಸೆಂಟರ್‌ನನ್ನು ಹೇಗೆ ಹೊರಗೆ ಎಳೆಯುತ್ತಾರೆ ಅಂತ ನಾಳೆ ಬರೆಯುತ್ತೇನೆ, ಕ್ಲಿಪ್ ಇದ್ದವರು ಹಾಕಿ.